ಚುಕ್ಕಾಣಿಯ ಎಡಗಡೆ

ಜಾಕೀಟಮ್ಮನಿಗೆ ನೀರು ಕಂಡರೆ ಆಗದು. ಕುಡಿಯುವ ನೀರಲ್ಲ, ಸ್ನಾನದ ನೀರೂ ಅಲ್ಲ, ಕೊಲ್ಲಿಯ ನೀರು. ಮಜಾ ನೋಡಿ, ಅವಳು ಹೊಟ್ಟೆಪಾಡಿಗೆ ಹೊಲಿಯುವುದು ಲೈಫ್ ಜಾಕೆಟ್ಟು. ಅವಳ ಗಂಡ ಓಡಿಸುತ್ತಿದ್ದದ್ದು ಆಚೆ ದಡಕ್ಕೆ ಹೋಗಿಬರುವ ಎಂಜಿನ್ ದೋಣಿ. ಅವಳ ನಾದಿನಿ ಕೂರುವುದು ಅದೇ ದೋಣಿಯ ಟಿಕೆಟ್ ಕಿಟಕಿಯಲ್ಲಿ. ಮನೆಯ ಹಿಂಬಾಗಿಲು ತೆರೆದರೆ ನೇರ ನೀರಿಗಿಳಿಯುವ ಮೆಟ್ಟಿಲು. ಇಷ್ಟೆಲ್ಲ ಇದ್ದೂ ಮದುವೆಯಾಗಿ ಬಂದವಳು ಒಂದೇ ಒಂದು ಸಲವೂ ದೋಣಿಗೆ ಕಾಲಿಟ್ಟಿರಲಿಲ್ಲ. ಜಾಕೆಟ್ಟಿಗೆ ಬೇಕಾದ ಬಟ್ಟೆ, ಫೋಮು, ಪಟ್ಟಿ ಎಲ್ಲ ಸಿಗುವುದು ಆಚೆ ದಡದ ಪೇಟೆಯಲ್ಲಿ. ಅದಕ್ಕೆ ಬಸ್ಸಿನ ತಿಂಗಳ ಪಾಸು ಇಟ್ಟುಕೊಂಡಿದ್ದಳು. ಬಸ್ಸು ಕೊಲ್ಲಿಯನ್ನು ಪೂರ್ತಿ ಸುತ್ತುಹಾಕಿ, ಕೈ ಮಾಡಿದವರಿಗೆಲ್ಲ ನಿಂತು, ಮೈಕೈ ನೋಯಿಸಿ ಅಲ್ಲಿಗೆ ತಲುಪಿಸುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತಿತ್ತು. ದೋಣಿಯಲ್ಲಾದರೆ ಒಂದು ಲೋಟ ಚಹಾ ಕುಡಿದು ಮುಗಿಸುವುದರೊಳಗೆ ಆ ದಡ. ‘ನನ್ನ ಹೆಂಡತಿ ಊರಿನವರನ್ನೆಲ್ಲ ಮುಳುಗದ ಹಾಗೆ ನೋಡ್ಕೋತಾಳೆ, ತಾನು ಮಾತ್ರ ಒದ್ದೆ ನೆಲದ ಮೇಲೂ ಕಾಲಿಡಲ್ಲ’ ಅಂತ ಗಂಡ ದೋಣಿಯಲ್ಲಿ ಕೂತವರಿಗೆಲ್ಲ ಹೇಳಿ ನಗಿಸುತ್ತಿದ್ದ. ಅವಳಿಗೆ ಅದು ಗೊತ್ತಿತ್ತು. ಮನೆಗೆ ಬಂದಮೇಲೆ ಅದಕ್ಕೆ ತಕ್ಕ ಶಾಸ್ತಿಯನ್ನೂ ಮಾಡುತ್ತಿದ್ದಳು.

ಗಂಡನಿಗೆ ಊರಿಟ್ಟ ಹೆಸರು ಚುಕ್ಕಾಣಿ. ಆಳು ಗಿಡ್ಡ, ದನಿ ದೊಡ್ಡದು, ಸದಾ ಡೀಸೆಲ್ ವಾಸನೆ. ಅವನ ಬಗ್ಗೆ ಊರು ಏನು ಬೇಕಾದರೂ ಅಂದುಕೊಳ್ಳಲಿ, ಸುಳ್ಳುಗಾರ ಅಂತ ಮಾತ್ರ ಯಾರೂ ಬಾಯಿಬಿಡುವ ಹಾಗಿರಲಿಲ್ಲ. ಫೋನು ಮಾಡಿ ಎಲ್ಲಿದ್ದೀರಿ ಅಂತ ಕೇಳಿದರೆ ಲೋಕದ ಗಂಡಸರೆಲ್ಲ ‘ಇಗೋ ಬಂದೆ’ ಅನ್ನುತ್ತಾರೆ, ನೋಡಿದರೆ ಇನ್ನೂ ಚಪ್ಪಲಿಯನ್ನೇ ಮೆಟ್ಟಿರುವುದಿಲ್ಲ. ಇವನು ‘ಬಂದೆ’ ಅಂದನೋ, ಹಿಂಬಾಗಿಲ ಮೆಟ್ಟಿಲಿನ ಗೂಟಕ್ಕೆ ಅವನ ಪುಟ್ಟ ತೊಟ್ಟಿದೋಣಿಯ ಹಗ್ಗ ಬಿದ್ದಿತೆಂದೇ ಲೆಕ್ಕ. ದೊಡ್ಡ ದೋಣಿಯನ್ನು ದೋಣಿಗಳು ನಿಲ್ಲುವ ಧಕ್ಕೆಗೆ ಕಟ್ಟಿ, ಚಿಕ್ಕದರಲ್ಲಿ ಹುಟ್ಟು ಹಾಕಿಕೊಂಡು, ನೀರಿನ ಕಡೆಯಿಂದಲೇ ಮನೆಗೆ ಬರುತ್ತಿದ್ದ. ಮುಂಬಾಗಿಲು ಅವನಿಗೆ ನೆಂಟರಿಗಾಗಿ ಇಟ್ಟ ಬಾಗಿಲು.

ಹೊಸತರಲ್ಲಿ ಇಬ್ಬರಿಗೂ ಜಗಳವಾಗುತ್ತಿದ್ದದ್ದು ಎಡಬಲದ ಮೇಲೆ. ಬಲಗಡೆ ಗೂಡಿನಿಂದ ಕತ್ತರಿ ಕೊಡಿ ಅಂದರೆ ಅವನು ಎಡಗಡೆ ಗೂಡನ್ನು ತಡಕಾಡಿ, ಕತ್ತರಿಯೇ ಇಲ್ಲವಲ್ಲ ಅಂತ ಅವಳ ಮೇಲೇ ರೇಗುತ್ತಿದ್ದ. ಒಂದು ದಿನ ತಲೆ ಕೆಟ್ಟು ಅವಳು, ನಿಮಗೆ ಉಣ್ಣುವ ಕೈ ಯಾವುದು ಅಂತಾದರೂ ಗೊತ್ತಿದೆಯಾ ಅಂತ ಕೇಳಿದಳು. ಅವನು ಸರಿಯಾದ ಕೈಯನ್ನೇ ಎತ್ತಿ ತೋರಿಸಿ, ‘ಕೈ ವಿಷಯ ಬೇರೆ ಕಣೇ, ಮನೆ ವಿಷಯ ಬೇರೆ’ ಅಂದ. ಅದೇನು ಬೇರೆಯೋ ಅವಳಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವಷ್ಟು ಪುರುಸೊತ್ತೂ ಇರಲಿಲ್ಲ. ಸಂಸಾರದ ಎಷ್ಟೋ ಜಗಳಗಳ ಹಾಗೆ ಅದೂ ಒಂದು ದಿನ ತಾನಾಗಿ ನಿಂತುಹೋಯಿತು. ಯಾರು ಸೋತರು, ಯಾರು ಗೆದ್ದರು ಅಂತ ಇಬ್ಬರೂ ನೋಡಿಕೊಳ್ಳಲಿಲ್ಲ.

ಇನ್ನೊಂದು ವಿಚಿತ್ರ ಅವನದು. ಫ್ಯಾನು ಸುಮ್ಮನೆ ತಿರುಗುತ್ತಿದ್ದರೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುವ ಮನುಷ್ಯ, ಹಿಂದಿನ ಕಿಟಕಿಯ ಪಕ್ಕ ಅವಳ ಹೊಲಿಗೆ ಯಂತ್ರದ ಮೇಲೆ ತೂಗುವ ಬಲ್ಬಿನ ಬಗ್ಗೆ ಮಾತ್ರ ಚಕಾರ ಎತ್ತುತ್ತಿರಲಿಲ್ಲ. ಅವಳು ಅಡುಗೆಮನೆಯಲ್ಲಿದ್ದಾಗಲೂ ಅದು ಉರಿಯುತ್ತಿರುತ್ತಿತ್ತು. ಆರಿಸಲು ಮರೆತೆ ಅಂತ ಅವಳೇ ಹೇಳಿದರೂ, ಇರಲಿ ಬಿಡು ಅನ್ನುತ್ತಿದ್ದ. ಗಂಡನಿಗೆ ತನ್ನ ಕೆಲಸದ ಮೇಲೆ ಅಷ್ಟಾದರೂ ಗೌರವವಿದೆಯಲ್ಲ ಅಂತ ಅವಳು ಒಳಗೊಳಗೇ ಹಿಗ್ಗಿದ್ದಳು.

ಮಕ್ಕಳಿರಲಿಲ್ಲ ಅವರಿಗೆ. ಅದಕ್ಕಾಗಿ ಕೊರಗುತ್ತ ಕೂರುವ ಪೈಕಿಯೂ ಅಲ್ಲ. ಆದರೆ ವಯಸ್ಸಾಗುತ್ತ ಬಂದಾಗ ಚುಕ್ಕಾಣಿ ತಾನೇ ಮಗುವಾಗಿಬಿಟ್ಟ. ದೋಣಿಗೆ ಬಂದ ಯಾರೋ ಪ್ರವಾಸಿ ಅವನಿಗೆ ಜಿಯೋಕ್ಯಾಶಿಂಗ್ ಅನ್ನುವ ಹುಚ್ಚು ಹಿಡಿಸಿ ಹೋದ. ಅದೊಂದು ಆಟ. ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿಟ್ಟು, ನಕ್ಷೆಯಲ್ಲಿ ಆ ಜಾಗ ತೋರಿಸುವ ಅಂಕೆಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಉಳಿದವರು ಫೋನು ಹಿಡಿದುಕೊಂಡು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕರೆ ಒಳಗಿನ ಕಾಗದದ ಸುರುಳಿಯ ಮೇಲೆ ಹೆಸರು ಬರೆದು, ಬೇಕಾದರೆ ಡಬ್ಬಿಯಲ್ಲಿರುವ ಒಂದು ಸಾಮಾನು ತೆಗೆದುಕೊಳ್ಳಬಹುದು. ಆದರೆ ತೆಗೆದುಕೊಂಡವರು ತಮ್ಮದೇನಾದರೂ ಇಡಲೇಬೇಕು, ಅದು ಆಟದ ಮರ್ಯಾದೆ. ತಲೆ ನರೆತ ಚುಕ್ಕಾಣಿ ಬಸ್‌ಸ್ಟಾಪಿನ ಬೆಂಚಿನಡಿ ತಲೆ ತೂರಿಸಿಕೊಂಡು, ಉದ್ಯಾನದ ಕಲ್ಲು ಎತ್ತಿ ನೋಡಿಕೊಂಡು ತಿರುಗತೊಡಗಿದ. ಒಮ್ಮೆ ಪೊಲೀಸಿನವನೊಬ್ಬ, ಏನು ಕಳಕೊಂಡಿರಿ ಯಜಮಾನರೇ ಅಂತ ಕೇಳಿದನಂತೆ. ಇನ್ನೂ ಏನೂ ಕಳಕೊಂಡಿಲ್ಲ, ಹುಡುಕ್ತಾ ಇದೀನಿ ಅಂದನಂತೆ ಇವನು. ಜಾಕೀಟಮ್ಮ ಹಣೆ ಚಚ್ಚಿಕೊಂಡಳು.

ಆಮೇಲೆ ಅವನೇ ಒಂದು ಡಬ್ಬಿ ಇಟ್ಟ. ಬರೀ ಡಬ್ಬಿಯಲ್ಲ, ಒಗಟಿನ ಡಬ್ಬಿ. ಒಗಟು ಬಿಡಿಸಿದರೇನೇ ಜಾಗದ ಅಂಕೆ ಸಿಗುವುದು. ಅದಕ್ಕೆ ಅವನು ಆರಿಸಿಕೊಂಡದ್ದು ಊರಿಗೆಲ್ಲ ಗೊತ್ತಿರುವ ಒಂಟಿಗಿವಿಯ ಕತೆಯನ್ನು. ಒಂಟಿಗಿವಿ ಹಿಂದಿನ ಕಾಲದ ಕಡಲ್ಗಳ್ಳ. ಒಂದು ಕಿವಿಯನ್ನು ಯಾವುದೋ ಕಾಳಗದಲ್ಲಿ ಕಳಕೊಂಡವನು. ಅವನು ಕೊಳ್ಳೆ ಹೊಡೆದ ಪೆಟ್ಟಿಗೆಯನ್ನು ಈ ಕೊಲ್ಲಿಯ ಅಂಚಿನಲ್ಲೇ ಎಲ್ಲೋ ಹೂತು ಸತ್ತನಂತೆ, ನಿಧಿ ಇವತ್ತಿಗೂ ಸಿಕ್ಕಿಲ್ಲವಂತೆ. ಸೈನ್ಯ ಬೆನ್ನಟ್ಟಿದಾಗ ಊರು ಬಿಟ್ಟು ಓಡಿಹೋಗುತ್ತ ಹೂತದ್ದು ಅಂತ ಊರಿನವರ ಕತೆ. ಚುಕ್ಕಾಣಿ ಅದನ್ನು ಒಪ್ಪುತ್ತಿರಲಿಲ್ಲ. ಓಡಿಹೋಗುವವನು ಹೂಳಲು ನಿಲ್ಲುತ್ತಾನೇನು, ಮನೆಗೆ ಬರುತ್ತಿದ್ದವನು ಹೂತದ್ದು ಅಂತ ವಾದ ಮಾಡುತ್ತಿದ್ದ. ಹೆಂಡತಿ ಬಾಗಿಲು ತೆಗೀತಾಳೋ ಇಲ್ಲವೋ ಅಂತ ನೋಡಿಕೊಂಡು ಆಮೇಲೆ ತೆಗೆಯೋಣ ಅಂತ ಇಟ್ಟಿರಬೇಕು ಅನ್ನುತ್ತಿದ್ದ. ಜಾಕೀಟಮ್ಮ ತಾನಾಗಿದ್ದರೆ ತೆಗೆಯುತ್ತಿರಲಿಲ್ಲ ಅನ್ನುತ್ತಿದ್ದಳು.

ಅದೇ ಸುಮಾರಿಗೆ ಅವಳ ಬೆರಳಟೊಪ್ಪಿ ಕಾಣೆಯಾಯಿತು. ಸೂಜಿ ಚುಚ್ಚದ ಹಾಗೆ ಬೆರಳ ತುದಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೊಪ್ಪಿ, ಅವಳ ಅಮ್ಮ ಕೊಟ್ಟದ್ದು, ಸವೆದು ಸವೆದು ಅವಳ ಬೆರಳಿಗೆಂದೇ ಹುಟ್ಟಿದಂತೆ ಕೂರುತ್ತಿತ್ತು. ಮನೆಯೆಲ್ಲ ತಲೆಕೆಳಗು ಮಾಡಿ ಹುಡುಕಿದಳು. ಹಿಂದಿನ ವಾರ ನಾದಿನಿ ಅದನ್ನು ಕೇಳಿ ತೆಗೆದುಕೊಂಡು ಹೋಗಿದ್ದಳು, ತಂದುಕೊಟ್ಟಿದ್ದೆ ಅನ್ನುತ್ತಾಳೆ. ಕೊಟ್ಟಿದ್ದು ಇವಳಿಗೆ ನೆನಪಿಲ್ಲ. ಮಾತಿಗೆ ಮಾತು ಬೆಳೆಯಿತು. ಅವತ್ತಿನಿಂದ ಅತ್ತಿಗೆ ನಾದಿನಿ ಎದುರಾದರೆ ಮುಖ ಊದಿಸಿಕೊಳ್ಳುವುದು, ಮಾತಾಡಲೇಬೇಕಾದರೆ ಗೋಡೆಗೆ ಹೇಳಿದ ಹಾಗೆ ಹೇಳುವುದು. ಚುಕ್ಕಾಣಿ ನಡುವೆ ಸಿಕ್ಕಿಬಿದ್ದ. ‘ನನ್ನ ತಂಗಿ ಮುಟ್ಟಿಲ್ಲ ಕಣೇ. ಒಂದ್ಸಲ ನನ್ನ ಜೊತೆ ದೋಣೀಲಿ ಆಚೆ ದಡಕ್ಕೆ ಬಾ, ನಿನ್ನ ಟೊಪ್ಪಿ ಸಿಗುತ್ತೆ’ ಅಂತ ಎಷ್ಟೋ ಸಲ ಹೇಳಿದ. ಪೇಟೆಯಲ್ಲಿ ಹೊಸದು ಕೊಡಿಸುತ್ತಾನೆ, ಅದನ್ನೇ ನೆಪ ಮಾಡಿಕೊಂಡು ನನ್ನನ್ನು ನೀರಿಗಿಳಿಸುತ್ತಾನೆ ಅಂತ ಅವಳ ಎಣಿಕೆ. ಹೊಸದು ಬೇಡ, ನನ್ನ ಅಮ್ಮನದೇ ಬೇಕು ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ಅವನು ಬಾಯಿ ತೆರೆದವನು ಏನೋ ಯೋಚಿಸಿ ಮುಚ್ಚಿಕೊಂಡ.

ಚುಕ್ಕಾಣಿ ಹಾಸಿಗೆ ಹಿಡಿದದ್ದು ಹೋದ ವರ್ಷ. ಆಸ್ಪತ್ರೆಯ ಮಂಚದ ಮೇಲೆ, ಆ ದೊಡ್ಡ ದನಿ ಸಣ್ಣಗಾಗಿ ಉಸಿರಿನಷ್ಟೇ ಉಳಿದಿದ್ದ ಹೊತ್ತಲ್ಲಿ, ಅವನು ಕೇಳಿದ್ದು ಇದೊಂದನ್ನೇ. ಡಬ್ಬಿಯೊಳಗೆ ನೀರು ಹೋಗಿದೆಯೋ ಏನೋ, ಒಮ್ಮೆ ಹೋಗಿ ನೋಡ್ತೀಯಾ ಅಂತ. ಅವಳಿಗೆ ಸಿಟ್ಟು ಬಂತು. ಜೀವ ಹೋಗುವ ಹೊತ್ತಲ್ಲಿ ಯಾವ ಡಬ್ಬಿ, ಯಾವ ಆಟ. ಮೊದಲು ಎದ್ದೇಳಿ, ಆಮೇಲೆ ಇಬ್ಬರೂ ಹೋಗಿ ನೋಡೋಣ ಅಂದಳು. ಎಲ್ಲಿದೆ ಅಂತ ಕೇಳುವುದಕ್ಕೂ ಹೋಗಲಿಲ್ಲ. ಅವನು ಏಳಲಿಲ್ಲ. ಆಮೇಲೆ ಎಷ್ಟು ಸಲ ಯಂತ್ರದ ಮುಂದೆ ಕೂತಾಗ, ಹೂಂ ನೋಡ್ತೀನಿ ಅಂತ ಒಂದು ಮಾತು ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಅಂತ ಅವಳು ಅತ್ತಳೋ ಲೆಕ್ಕವಿಲ್ಲ. ಹೊಲಿಗೆ ಒದ್ದೆಯಾಗುತ್ತದೆ ಅಂತ ಮುಖ ಪಕ್ಕಕ್ಕೆ ತಿರುಗಿಸಿ ಅಳುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಮುಂಬಾಗಿಲಿಗೆ ಒಬ್ಬ ಡಾಕ್ಟರಮ್ಮ ಬಂದಳು. ಹಲ್ಲಿನ ಡಾಕ್ಟರು, ಪಕ್ಕದ ಊರಿನವಳು. ಬಾಗಿಲಲ್ಲೇ ಕೈ ಮುಗಿದು, ನಾನು ನಿಮ್ಮ ಯಜಮಾನರ ಡಬ್ಬಿ ಹುಡುಕುತ್ತ ಹುಡುಕುತ್ತ ಸಾಕಾಗಿ ಹೋದವಳು ಅಂತ ಪರಿಚಯ ಹೇಳಿಕೊಂಡಳು. ರಜೆ ಸಿಕ್ಕಾಗಲೆಲ್ಲ ಬಂದು ಧಕ್ಕೆಯ ಮೇಲೆ ಓಡಾಡಿದ್ದಾಳೆ. ಒಂಟಿಗಿವಿಯ ಕತೆ ಹೇಳಿ ಕೇಳುವ ಒಗಟೇನೋ ಬಹಳ ಸುಲಭವಂತೆ. ನೀರಿನೊಳಕ್ಕೆ ಚಾಚಿಕೊಂಡ ಕಲ್ಲಿನ ಧಕ್ಕೆ ಇದೆಯಲ್ಲ, ಅದರ ಎಡಗಡೆ ದೋಣಿ ಕಟ್ಟುವ ಕಬ್ಬಿಣದ ಬಳೆ ಎಷ್ಟು, ಬಲಗಡೆ ಎಷ್ಟು, ಎಡಗಡೆ ಮೆಟ್ಟಿಲು ಎಷ್ಟು, ಬಲಗಡೆ ಎಷ್ಟು, ಇಂಥವೇ ಪ್ರಶ್ನೆ. ಎಣಿಸಿ ಅಂಕೆಯ ಖಾಲಿ ಚೌಕಗಳಲ್ಲಿ ತುಂಬಿದರೆ ಜಾಗ ಬರಬೇಕು. ಆದರೆ ಯಾರು ಎಣಿಸಿದರೂ ಬರುವುದು ಐಸ್ ಫ್ಯಾಕ್ಟರಿಯ ಅಂಗಳ. ಅಲ್ಲಿ ಏನೂ ಇಲ್ಲ, ಕಾವಲುಗಾರನೊಬ್ಬ ಇದ್ದಾನೆ. ನಿಧಿ ಹುಡುಕುವವರ ಕಾಟಕ್ಕೆ ಅವನು ದೊಣ್ಣೆ ಇಟ್ಟುಕೊಂಡು ಕೂತಿದ್ದಾನಂತೆ. ಡಾಕ್ಟರಮ್ಮನನ್ನೂ ಒಮ್ಮೆ ಗೇಟಿನವರೆಗೆ ಅಟ್ಟಿಸಿಕೊಂಡು ಬಂದಿದ್ದನಂತೆ. ಆಮೇಲೆ ಅವನೇ ಹಲ್ಲುನೋವು ಅಂತ ಅವಳ ಹತ್ತಿರ ಬಂದ, ಅದು ಬೇರೆ ಕತೆ.

ಅಲ್ಲಿಯವರೆಗೆ ಜಾಕೀಟಮ್ಮ ನಗುತ್ತ ಕೇಳುತ್ತಿದ್ದಳು. ಡಾಕ್ಟರಮ್ಮ ದನಿ ತಗ್ಗಿಸಿ ಮುಂದಿನದನ್ನು ಹೇಳಿದಳು. ಇಷ್ಟು ವರ್ಷ ಯಾರಿಗೂ ಸಿಗದ, ಕೇಳಿದರೆ ಉತ್ತರವೂ ಬಾರದ ಡಬ್ಬಿಯನ್ನು ಆಟದವರು ಇವತ್ತು ರಾತ್ರಿ ತೆಗೆದುಹಾಕುತ್ತಾರೆ. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಆದರೆ ಇಂಟರ್ನೆಟ್ಟಿನಲ್ಲಿ ಆ ಡಬ್ಬಿಯ ಪುಟದ ಕೆಳಗೆ ಜನ ಏನೇನೋ ಬರೆದಿದ್ದಾರೆ. ಡಬ್ಬಿ ಇಟ್ಟೇ ಇಲ್ಲ, ಮುದುಕ ಸುಳ್ಳು ಹೇಳಿ ಎಲ್ಲರನ್ನೂ ಮಂಗ ಮಾಡಿದ್ದಾನೆ ಅಂತ. ಚುಕ್ಕಾಣಿ ತೀರಿಕೊಂಡದ್ದು ಡಾಕ್ಟರಮ್ಮನಿಗೂ ತಿಳಿದದ್ದು ಮೊನ್ನೆ, ದೋಣಿಯ ಟಿಕೆಟ್ ಕಿಟಕಿಯಲ್ಲಿ ವಿಚಾರಿಸಿದಾಗ.

ಜಾಕೀಟಮ್ಮನಿಗೆ ನಗು ಹಾರಿಹೋಯಿತು. ಸುಳ್ಳ ಅಂತ ಬರೆದರಾ? ಮಂಜು ಮುಸುಕಿದ ದಿನ ದೋಣಿ ಬಿಡುವುದಿಲ್ಲ ಅಂದರೆ ಯಾರು ಬಂದು ಕಾಲು ಹಿಡಿದರೂ ಬಿಡದಿದ್ದ, ಬಿಡುತ್ತೇನೆ ಅಂದರೆ ಒಬ್ಬನೇ ಪ್ರಯಾಣಿಕನಿಗಾಗಿಯೂ ಬಿಡುತ್ತಿದ್ದ ಮನುಷ್ಯನನ್ನು, ಅವನ ಮುಖವನ್ನೂ ನೋಡದವರು, ಉತ್ತರ ಕೊಡಲು ಅವನಿಲ್ಲದಾಗ, ಸುಳ್ಳ ಅಂದುಬಿಟ್ಟರಾ? ಸಿಟ್ಟಿನ ಜೊತೆಗೇ ಒಂದು ಹೆದರಿಕೆಯೂ ಹುಟ್ಟಿತು, ಅದನ್ನು ಹೇಳಿಕೊಳ್ಳಲಾರಳು. ನೋಡಿ ಬಾ ಅಂತ ಅವನು ಕೇಳಿದ್ದ. ಇವತ್ತು ರಾತ್ರಿ ದಾಟಿದರೆ ಆ ಡಬ್ಬಿಯನ್ನು ಹುಡುಕುವವರು ಲೋಕದಲ್ಲಿ ಯಾರೂ ಉಳಿಯುವುದಿಲ್ಲ.

ಡಾಕ್ಟರಮ್ಮ ಬಂದದ್ದು ಏನಾದರೂ ಸುಳಿವು ಸಿಕ್ಕೀತೇ ಅಂತ. ಇವಳ ಹತ್ತಿರ ಸುಳಿವೆಲ್ಲಿಂದ ಬರಬೇಕು? ಚಹಾ ಮಾಡಿಕೊಟ್ಟಳು. ಅವನ ಫೋನನ್ನು ತೆಗೆದು ತೋರಿಸಿದಳು, ಅದು ಯಾವತ್ತೋ ಸತ್ತುಹೋಗಿತ್ತು. ಇಬ್ಬರೂ ಸಪ್ಪೆಯಾಗಿ ಕೂತರು. ಹೊರಡುವ ಮುಂಚೆ ಡಾಕ್ಟರಮ್ಮ ಸಂಕೋಚದಿಂದ ಬಚ್ಚಲು ಎಲ್ಲಿ ಅಂತ ಕೇಳಿದಳು. ನೇರ ಹೋಗಿ, ಎಡಗಡೆ ಬಾಗಿಲು ಅಂತ ಜಾಕೀಟಮ್ಮ ಹೇಳಿದಳು. ಡಾಕ್ಟರಮ್ಮ ಹೋದಳು, ಬಾಗಿಲು ತೆಗೆದಳು, ದಡಬಡ ಅಂತ ಸದ್ದಾಯಿತು. ಹೋಗಿ ನೋಡಿದರೆ ಸೂರಿನವರೆಗೆ ಪೇರಿಸಿಟ್ಟ ಕಿತ್ತಳೆ ಬಣ್ಣದ ಜಾಕೆಟ್ಟುಗಳು ಮೈಮೇಲೆ ಬಿದ್ದು ಡಾಕ್ಟರಮ್ಮ ಕುತ್ತಿಗೆವರೆಗೆ ಮುಳುಗಿ ನಿಂತಿದ್ದಾಳೆ. ಜಾಕೆಟ್ಟಿನಲ್ಲಿ ಮುಳುಗಿದವಳು ಅವಳೊಬ್ಬಳೇ ಇರಬೇಕು.

ಅಯ್ಯೋ ಎಡಗಡೆ ಅಂದೆನಲ್ಲ ಅಂತ ಇವಳು. ಇದೇ ಎಡಗಡೆ ಅಲ್ಲವಾ ಅಂತ ಅವಳು. ಜಾಕೀಟಮ್ಮ ಅವಳ ಮೈಮೇಲಿನ ಜಾಕೆಟ್ಟು ತೆಗೆಯುತ್ತ, ನಗು ತಡೆಯಲಾಗದೆ ಹೇಳಿದಳು:

‘ಈ ಮನೇಲಿ ಎಡ ಬಲ ಎಲ್ಲಾ ನಮ್ಮೆಜಮಾನರ ಲೆಕ್ಕ ಕಣಮ್ಮಾ. ಅವರು ಬರ್ತಿದ್ದದ್ದು ಹಿಂಬಾಗಿಲಿಂದ. ನೀರಿನ ಕಡೆಯಿಂದ ಬಂದರೆ ಯಾವುದು ಎಡವೋ, ಅದೇ...’

ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಜಾಕೆಟ್ಟು ಕೈಯಲ್ಲೇ ಉಳಿಯಿತು.

ಇಷ್ಟು ವರ್ಷ ತಾನೂ ಹಾಗೇ ಹೇಳುತ್ತಿದ್ದೇನೆ ಅನ್ನುವುದು ಅವಳಿಗೆ ಹೊಳೆದದ್ದೇ ಆಗ. ಆ ಹಳೇ ಜಗಳದಲ್ಲಿ ಸೋತವಳು ತಾನು, ಸೋತದ್ದು ತನಗೇ ತಿಳಿದಿರಲಿಲ್ಲ. ಅವನು ಮನೆಯಲ್ಲಿ ಹಾಗೆ ಹೇಳುತ್ತಿದ್ದವನು ಧಕ್ಕೆಯ ಮೇಲೆ ಬೇರೆ ಥರ ಹೇಳುತ್ತಾನೆಯೇ? ಊರಿನವರಿಗೆ ಧಕ್ಕೆ ಅಂದರೆ ನೆಲದಿಂದ ನೀರಿನ ಕಡೆ ನಡೆದುಕೊಂಡು ಹೋಗುವ ದಾರಿ. ಅವನಿಗೆ ಅದು ನೀರಿನಿಂದ ನೆಲದ ಕಡೆ ಬರುವ ದಾರಿ. ಇದನ್ನು ಅವಳು ತಡವರಿಸಿಕೊಂಡು ಹೇಳಿದಳು. ಡಾಕ್ಟರಮ್ಮನಿಗೆ ಬಚ್ಚಲು ಮರೆತೇಹೋಯಿತು. ಜಾಕೆಟ್ಟಿನ ರಾಶಿಯ ಮೇಲೇ ಕೂತು ಫೋನು ತೆಗೆದು, ಎಡಕ್ಕೆ ಎಣಿಸಿದ್ದನ್ನು ಬಲಕ್ಕೂ ಬಲಕ್ಕೆ ಎಣಿಸಿದ್ದನ್ನು ಎಡಕ್ಕೂ ಹಾಕಿದಳು. ನಕ್ಷೆಯ ಮೇಲಿನ ಕೆಂಪು ಚುಕ್ಕೆ ಐಸ್ ಫ್ಯಾಕ್ಟರಿಯನ್ನು ಬಿಟ್ಟು, ನೀರನ್ನು ದಾಟಿ, ಆಚೆ ದಡದ ದೋಣಿಕಟ್ಟೆಯಲ್ಲಿ ಹೋಗಿ ಕೂತಿತು.

ಆಚೆ ದಡಕ್ಕೆ ಬಾ, ನಿನ್ನ ಟೊಪ್ಪಿ ಸಿಗುತ್ತೆ. ಎಷ್ಟು ಸಲ ಹೇಳಿದ್ದ ಪುಣ್ಯಾತ್ಮ! ಸುಳ್ಳು ಹೇಳುವವನಲ್ಲ ಅಂತ ಗೊತ್ತಿದ್ದ ತಾನೇ ಅವನ ಮಾತನ್ನು ನಂಬಲಿಲ್ಲವಲ್ಲ ಅಂತ ಜಾಕೀಟಮ್ಮನಿಗೆ ಅಳು ಒತ್ತರಿಸಿ ಬಂತು. ಡಾಕ್ಟರಮ್ಮ ಅವಳನ್ನು ಸುಮ್ಮನೆ ಅಳಲು ಬಿಟ್ಟು, ಆಮೇಲೆ ಮೆಲ್ಲಗೆ, ಸಂಜೆಯ ದೋಣಿ ಇನ್ನೇನು ಬಿಡುತ್ತೆ ಅಂದಳು. ನೀವು ದೋಣಿಯಲ್ಲಿ ಹೋಗಿ, ನಾನು ಬಸ್ಸಿನಲ್ಲಿ ಬರುತ್ತೇನೆ ಅನ್ನುವ ಮಾತು ಜಾಕೀಟಮ್ಮನ ತುಟಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡಳು. ಸೀರೆ ಸರಿಮಾಡಿಕೊಂಡು, ರಾಶಿಯಿಂದ ಒಂದು ಜಾಕೆಟ್ಟು ಎತ್ತಿ, ಬೆಳಕಿಗೆ ಹಿಡಿದು ಹೊಲಿಗೆ ಪರೀಕ್ಷಿಸಿ, ಅದನ್ನು ಬಿಟ್ಟು ಇನ್ನೊಂದು ಎತ್ತಿಕೊಂಡಳು. ತಾನೇ ಹೊಲಿದದ್ದು, ಆದರೂ ಇವತ್ತು ತನ್ನ ಮೇಲೇ ಅನುಮಾನ.

ಟಿಕೆಟ್ ಕಿಟಕಿಯಲ್ಲಿ ನಾದಿನಿ ಅತ್ತಿಗೆಯನ್ನು ನೋಡಿ ಎದ್ದು ನಿಂತಳು. ಮನೆಯಿಂದಲೇ ಜಾಕೆಟ್ಟು ತೊಟ್ಟು, ಮೂರೂ ಬಕಲ್ಲು ಬಿಗಿದುಕೊಂಡು, ಇಡೀ ಬೀದಿ ನೋಡುತ್ತಿದ್ದಂತೆ ನಡೆದುಬಂದಿದ್ದಳು ಜಾಕೀಟಮ್ಮ. ಒಂದು ಟಿಕೆಟ್ಟು ಬೇಕಿತ್ತು ಅಂತ ಕಿಟಕಿಯ ಚೌಕಟ್ಟಿಗೆ ಹೇಳಿದಳು. ನಾದಿನಿಯೂ ಚೌಕಟ್ಟಿಗೇ ಟಿಕೆಟ್ಟು ಕೊಟ್ಟಳು. ಕೊಟ್ಟಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ದೋಣಿಯವನಿಗೆ ಮೆಲ್ಲಗೆ ಬಿಡು ಅಂತ ಕೂಗಿ ಹೇಳಿದಳು. ಇದನ್ನು ಜಾಕೀಟಮ್ಮ ಕೇಳಿಸಿಕೊಂಡಳು, ಆದರೆ ಕೇಳಿಸಲಿಲ್ಲ ಅನ್ನುವ ಹಾಗೆ ನಡೆದಳು.

ಹೋಗುವಾಗಿನ ಪ್ರಯಾಣದ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಏಕೆಂದರೆ ಅವಳು ಕಣ್ಣು ತೆರೆಯಲೇ ಇಲ್ಲ. ಎರಡೂ ಕೈಯಲ್ಲಿ ಡಾಕ್ಟರಮ್ಮನ ತೋಳು ಹಿಡಿದುಕೊಂಡಿದ್ದಳು. ದೋಣಿ ಅಲುಗಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಡೀಸೆಲ್ ವಾಸನೆ ಮಾತ್ರ ಅವನದೇ, ಅದೊಂದು ಆಸರೆ. ಇಳಿದಮೇಲೆ ಡಾಕ್ಟರಮ್ಮ ತೋಳನ್ನು ಉಜ್ಜಿಕೊಂಡಳು. ಹಲ್ಲು ಕೀಳಿಸಿಕೊಳ್ಳಲು ತನ್ನ ಕುರ್ಚಿಯಲ್ಲಿ ಕೂತವರೂ ಇಷ್ಟು ಬಲವಾಗಿ ಹಿಡಿದಿರಲಿಲ್ಲವಂತೆ.

ಆಚೆ ದೋಣಿಕಟ್ಟೆಯಲ್ಲಿ ಇರುವುದು ಒಂದೇ ಬೆಂಚು. ಜನ ತುಂಬುವವರೆಗೆ ದೋಣಿಯವರು ಕಾಯುತ್ತ ಕೂರುವುದು ಅಲ್ಲೇ. ಡಾಕ್ಟರಮ್ಮ ಹಿಂದೆ ಮುಂದೆ ನೋಡದೆ ನೆಲದ ಮೇಲೆ ಅಂಗಾತ ಮಲಗಿ ಬೆಂಚಿನಡಿ ತೂರಿದಳು. ಇದೆ ಅಂತ ಒಳಗಿನಿಂದ ಕೂಗಿದಳು, ಆದರೆ ತೆಗೆಯಲಿಲ್ಲ, ನೀವೇ ತೆಗೀರಿ ಅಂದಳು. ಜಾಕೀಟಮ್ಮ ಮಂಡಿಯೂರಿ ಕೈ ಹಾಕಿದಳು. ಹಲಗೆಯ ಅಡಿಗೆ ಒಂದು ತಗಡಿನ ಡಬ್ಬಿ, ಅದನ್ನು ಬಿಗಿದು ಹಿಡಿದಿದ್ದದ್ದು ಕಿತ್ತಳೆ ಬಣ್ಣದ ಪಟ್ಟಿ, ಜಾಕೆಟ್ಟಿನದೇ. ಕದ್ದದ್ದೂ ಅಲ್ಲದೆ ತಾನೇ ಹೊಲಿದಿದ್ದ. ಹೊಲಿಗೆಯೋ, ದೇವರೇ, ಒಂದು ಇಲ್ಲಿ, ಒಂದು ಅಲ್ಲಿ, ಕುಡಿದವನು ನಡೆದ ಹಾಗೆ. ಬೆರಳಿನಿಂದ ಆ ಸೊಟ್ಟ ಹೊಲಿಗೆಯನ್ನು ಸವರಿ ನೋಡಿದಳು. ಎಷ್ಟು ಸಲ ಬೆರಳು ಚುಚ್ಚಿಕೊಂಡನೋ ಏನೋ.

ಮುಚ್ಚಳ ತೆಗೆದಳು. ಕಾಗದದ ಸುರುಳಿ ಖಾಲಿ, ಹೊಚ್ಚ ಹೊಸದು. ಅದರ ಪಕ್ಕದಲ್ಲಿ ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟ ಅವಳ ಬೆರಳಟೊಪ್ಪಿ. ಬೇರೇನೂ ಇಲ್ಲ. ಅವಳು ಒಳಗೆ ಕೈಯಾಡಿಸಿದಳು, ಮೂಲೆ ಮೂಲೆಯನ್ನೂ ಮುಟ್ಟಿ ನೋಡಿದಳು. ಆಮೇಲೆ, ಪಕ್ಕದಲ್ಲಿ ಡಾಕ್ಟರಮ್ಮ ಇದ್ದಾಳೆ ಅನ್ನುವುದನ್ನೂ ಮರೆತು, ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು.

‘ಒಣಗೇ ಇದೆ ರೀ. ನೀರು ಹೋಗಿಲ್ಲ.’

ಡಾಕ್ಟರಮ್ಮ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡಳು. ಆದರೂ ಪೆನ್ನು ತೆಗೆದು ಮೊದಲ ಹೆಸರು ತನ್ನದನ್ನೇ ಬರೆದಳು, ಅದರಲ್ಲಿ ದಾಕ್ಷಿಣ್ಯ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ದೊಣ್ಣೆಯವನಿಂದ ತಪ್ಪಿಸಿಕೊಂಡು ಓಡಿದವಳು ಅವಳು ತಾನೇ. ಅಲ್ಲೇ ನಿಂತು ಫೋನಿನಲ್ಲಿ ಡಬ್ಬಿಯ ಫೋಟೋ ಹಾಕಿ, ಎಲ್ಲರೂ ಓದಲಿ ಅಂತ ಬರೆದಳು, ಓದಿಯೂ ಹೇಳಿದಳು. ಡಬ್ಬಿ ಸಿಕ್ಕಿತು. ಇಟ್ಟವರು ಇಟ್ಟಲ್ಲೇ ಇತ್ತು. ಅವರು ಹೇಳಿದ್ದೆಲ್ಲ ನಿಜ, ನಾವು ನಿಂತು ನೋಡಿದ ಜಾಗ ತಪ್ಪು. ಇನ್ನು ಡಬ್ಬಿಯನ್ನು ತೆಗೆದುಹಾಕುವ ಹಾಗಿಲ್ಲ ಅಂತಲೂ ಅವಳು ಹೇಳಿದಳು. ಜಾಕೀಟಮ್ಮನಿಗೆ ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು.

ತೆಗೆದುಕೊಂಡರೆ ಇಡಬೇಕಲ್ಲ, ಅದು ಅವಳಿಗೂ ನೆನಪಿತ್ತು. ಟೊಪ್ಪಿಯನ್ನು ಬೆರಳಿಗೆ ಹಾಕಿಕೊಂಡು, ಕೈಚೀಲ ತೆಗೆದು ತಡಕಿದಳು. ದಾರದ ಉಂಡೆ ಬೇಡ, ಸೂಜಿಡಬ್ಬಿ ಬೇಡ. ಕೊನೆಗೆ ಪ್ಲಾಸ್ಟಿಕ್ ಕವರಿನಲ್ಲಿದ್ದ ಬಸ್ ಪಾಸನ್ನು ತೆಗೆದು, ಒಂದು ಕ್ಷಣ ನೋಡಿ, ಡಬ್ಬಿಯೊಳಗೆ ಇಟ್ಟು ಮುಚ್ಚಿದಳು. ಅದಿನ್ನೂ ತಿಂಗಳು ತುಂಬಿಲ್ಲವಲ್ಲ ಅಂತ ಡಾಕ್ಟರಮ್ಮ ಅಂದಳು. ತುಂಬೋದು ಬೇಡ ಅಂದಳು ಇವಳು.

ಡಾಕ್ಟರಮ್ಮ ಬಸ್ಸು ಹಿಡಿದು ಅಲ್ಲಿಂದಲೇ ತನ್ನ ಊರಿಗೆ ಹೋದಳು. ವಾಪಸ್ಸಿನ ದೋಣಿಯಲ್ಲಿ ಹಿಡಿದುಕೊಳ್ಳಲು ಯಾರ ತೋಳೂ ಇರಲಿಲ್ಲ. ಜಾಕೀಟಮ್ಮ ಮುಂದಿನ ಹಲಗೆಯ ಮೇಲೆ ಕೂತು ಅಂಚನ್ನು ಹಿಡಿದುಕೊಂಡಳು. ಕೊಲ್ಲಿಯ ನಡುವಿಗೆ ಬರುವ ಹೊತ್ತಿಗೆ ಕತ್ತಲು ಇಳಿಯುತ್ತಿತ್ತು. ಇಷ್ಟು ದೂರ ಬಂದು ನೋಡದೆ ಹೋದರೆ ಅವನು ಬಿಟ್ಟಾನೆಯೇ ಅಂತ ಹಲ್ಲು ಕಚ್ಚಿ ಕಣ್ಣು ತೆರೆದಳು.

ಊರು ಎದುರಿಗೆ ಬರುತ್ತಿತ್ತು. ಧಕ್ಕೆ, ಅದರ ಎಡಗಡೆ ಬಳೆಗಳು, ಬಲಗಡೆ ಬಳೆಗಳು, ಎಲ್ಲ ಅವನು ಹೇಳಿದ ಕಡೆಯಲ್ಲೇ. ಅವನದು ತಪ್ಪು ಎಡಬಲವಲ್ಲ, ಮನೆಗೆ ಬರುವವನ ಎಡಬಲ. ಸಾಲು ಮನೆಗಳೆಲ್ಲ ಇನ್ನೂ ಮಬ್ಬಾಗಿದ್ದವು. ಒಂದು ಕಡೆ ಮಾತ್ರ, ನೀರಿನ ಪಕ್ಕದಲ್ಲೇ, ಹಳದಿ ಬೆಳಕಿನ ಒಂದು ಕಿಟಕಿ. ಯಾರ ಮನೆ ಅದು ಅಂತ ನೋಡಿದಳು. ಅವಳದೇ. ಗಡಿಬಿಡಿಯಲ್ಲಿ ಯಂತ್ರದ ಮೇಲಿನ ಬಲ್ಬನ್ನು ಆರಿಸಲು ಮರೆತು ಬಂದಿದ್ದಳು. ಅದರ ಕೆಳಗೆ ಅವಳು ಕೂರುವ ಖಾಲಿ ಸ್ಟೂಲು ಕೂಡ ಕಾಣುತ್ತಿತ್ತು. ದಿನಾ ಸಂಜೆ ಅವನಿಗೆ ಕಂಡದ್ದು ಇದು. ಸ್ಟೂಲಿನ ಮೇಲೆ ಅವಳು ಇರುತ್ತಿದ್ದಳು, ಅಷ್ಟೇ ವ್ಯತ್ಯಾಸ. ಇದನ್ನು ಒಮ್ಮೆ ತೋರಿಸಬೇಕು ಅಂತ ಅವನು ಟೊಪ್ಪಿ ಕದ್ದ, ಒಗಟು ಕಟ್ಟಿದ, ತಂಗಿಯನ್ನೂ ಹೆಂಡತಿಯನ್ನೂ ಜಗಳಕ್ಕೆ ಹಚ್ಚಿ ಒದ್ದಾಡಿದ. ಬಾಯಿಬಿಟ್ಟು ಹೇಳಲು ಬರಲಿಲ್ಲ ಅವನಿಗೆ. ಜಾಕೀಟಮ್ಮ ಜಾಕೆಟ್ಟಿನ ಕಾಲರಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ನೋಡಿದಳು. ದೋಣಿ ಧಕ್ಕೆಗೆ ತಾಗುವವರೆಗೂ ನೋಡುತ್ತಲೇ ಇದ್ದಳು.

ಟಿಕೆಟ್ ಕಿಟಕಿ ಮುಚ್ಚುವ ಹೊತ್ತು. ನಾದಿನಿ ಬೀಗ ಹಿಡಿದುಕೊಂಡು, ಹಾಕದೆ ನಿಂತಿದ್ದಳು. ಜಾಕೀಟಮ್ಮ ಕಿಟಕಿಯ ಹಲಗೆಯ ಮೇಲೆ ಕೈಯಿಟ್ಟಳು. ಟೊಪ್ಪಿ ತೊಟ್ಟ ಬೆರಳು ನಾದಿನಿಯ ಕಣ್ಣಿಗೆ ಬಿತ್ತು.

‘ನಿಮ್ಮಣ್ಣ ಕಳ್ಳ’ ಅಂದಳು ಜಾಕೀಟಮ್ಮ. ಈ ಸಲ ಚೌಕಟ್ಟಿಗಲ್ಲ, ಅವಳ ಮುಖ ನೋಡಿಯೇ. ‘ನಾನು ನಿನ್ನ ಅಂದೆ. ತಪ್ಪಾಯ್ತು ಕಣೇ.’

ನಾದಿನಿ ಹಲಗೆಯ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡು, ಟೊಪ್ಪಿಯನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. ಜಾಕೀಟಮ್ಮ ಮೂಗೆಳೆದುಕೊಂಡು, ದೋಣಿಗೆ ತಿಂಗಳ ಪಾಸು ಕೊಡ್ತೀರಾ ಅಂತ ಕೇಳಿದಳು.

‘ಕೊಡ್ತೀವಿ’ ಅಂದಳು ನಾದಿನಿ. ‘ದಿನಾ ಎಲ್ಲಿಗೆ ಹೋಗ್ತೀಯ ಅತ್ತಿಗೆ?’

‘ಎಲ್ಲಿಗೂ ಇಲ್ಲ. ವಾಪಸ್ ಬರೋಕೆ.’

ನಾದಿನಿ ಬೀಗವನ್ನು ಕೆಳಗಿಟ್ಟು, ದೀಪ ಹಾಕಿ, ಪಾಸು ಬರೆಯಲು ಕೂತಳು.